ಒಂದು ಪಾತ್ರೆ, ಎರಡು ಅಡುಗೆ, ಐದು ಜನರ ಊಟ



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಹಿರಿಯರು ಗಾದೆ ಮಾಡಿದ್ದಾರೆ. ಊಟ ಬಲ್ಲವರಾಗಬೇಕಾದರೆ ತುಂಬಾ ದುಡ್ಡು ಬೇಕಾ? ಈ ಸಲದ ಗೋಡೆ ಪತ್ರಿಕೆಗೆ ನಾನು ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಕಾರಣ ನಿಮಗೆಲ್ಲ ಗೊತ್ತೇ ಇದೆ. ಹೋದ ತಿಂಗಳು ಆರೋಗ್ಯ ತಪಾಸಣೆಗೆ ಬಂದಿದ್ದ ಸಿಸ್ಟರ್ ಬೆರಳು ಚುಚ್ಚಿ ರಕ್ತ ನೋಡಿದರು. ನಮ್ಮ ತರಗತಿಯ ಹುಡುಗಿಯರಲ್ಲಿ ತುಂಬಾ ಜನಕ್ಕೆ "ರಕ್ತ ಕಡಿಮೆ ಇದೆ" ಅಂತ ಚೀಟಿ ಬಂತು. ಚೀಟಿಯ ಕೆಳಗೆ ಸೊಪ್ಪು, ಕಾಳು, ಹಣ್ಣು, ಹಾಲು, ಮೊಟ್ಟೆ ತಿನ್ನಬೇಕು ಎಂದು ಬರೆದಿತ್ತು. ಅದನ್ನು ಮನೆಗೆ ತಗೊಂಡು ಹೋದಾಗ ಹೆಚ್ಚುಕಡಿಮೆ ಎಲ್ಲರ ಅವ್ವಂದಿರೂ ಕೇಳಿದ್ದು ಒಂದೇ ಮಾತು: "ಇದಕ್ಕೆಲ್ಲ ದುಡ್ಡು ಎಲ್ಲಿಂದ ತರಾದು ಮಗ?"

ಅವರು ಕೇಳಿದ್ದು ಸರಿಯಾಗಿಯೇ ಇದೆ. ಕೂಲಿ ಸಿಕ್ಕ ದಿನದ ಲೆಕ್ಕ ಬೇರೆ, ಸಿಗದ ದಿನದ ಲೆಕ್ಕ ಬೇರೆ. ಆದರೆ ನಮ್ಮ ಕಡೆಯ ಹಳೇ ಅಡುಗೆಯನ್ನೇ ಸ್ವಲ್ಪ ತಿಳಿದುಕೊಂಡು ಮಾಡಿದರೆ ಚೀಟಿಯಲ್ಲಿರುವ ಮುಕ್ಕಾಲು ಭಾಗ ಮನೆಯಲ್ಲೇ ಸಿಗುತ್ತದೆ. ಅದಕ್ಕೆ ನಾನು ಎಲ್ಲರಿಗೂ ಗೊತ್ತಿರುವ ಬಸ್ಸಾರು ಮತ್ತು ಮುದ್ದೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ವಿವರಿಸುತ್ತೇನೆ.

ರಕ್ತ ಕಡಿಮೆ ಎಂದರೇನು?

ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತುಕೊಂಡು ಮೈಗೆಲ್ಲ ಹಂಚುವುದು ಇದರ ಕೆಲಸ. ಇದು ತಯಾರಾಗಲು ಕಬ್ಬಿಣಾಂಶ ಬೇಕು, ಪ್ರೋಟೀನೂ ಬೇಕು. ನಮ್ಮ ವಯಸ್ಸಿನವರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಪ್ರಾರ್ಥನೆಗೆ ನಿಂತರೆ ತಲೆಸುತ್ತು, ಪುಸ್ತಕ ಹಿಡಿದರೆ ತೂಕಡಿಕೆ, ಇವೆಲ್ಲ ಅದರ ಗುರುತುಗಳು. ಇಂಥವರನ್ನು ಕಂಡು "ಸೋಮಾರಿ" ಅಂತ ಬೈಯುವವರೂ ಇದ್ದಾರೆ. ಆದರೆ ಅದು ಸೋಮಾರಿತನ ಅಲ್ಲದೆ ಕಾಯಿಲೆಯೂ ಆಗಿರಬಹುದು.

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಗಂಡಸರಲ್ಲಿ ಇದು ತುಂಬಾ ಕಡಿಮೆ. ತಿಂಗಳು ತಿಂಗಳೂ ರಕ್ತ ಹೋಗುವುದರಿಂದ ಹೆಂಗಸರಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಇದನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಬಸ್ಸಾರು ಮಾಡುವ ಕ್ರಮ (ಐದು ಜನಕ್ಕೆ)

ಬೇಕಾದದ್ದು: ಒಂದು ಪಾವು ಹುರುಳಿಕಾಳು (ಸುಮಾರು 200 ಗ್ರಾಂ), ಎರಡು ಕಟ್ಟು ದಂಟಿನ ಸೊಪ್ಪು ಅಥವಾ ಅಷ್ಟೇ ಬೆರಕೆ ಸೊಪ್ಪು, ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳು ಮೆಣಸು, ಒಂದು ಚೂರು ತೆಂಗಿನಕಾಯಿ, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು, ಎರಡು ಚಮಚ ಎಣ್ಣೆ, ಸಾಸಿವೆ, ಒಂದು ನಿಂಬೆಹಣ್ಣು.

1) ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ಆ ನೀರು ಚೆಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದು ದಿನದಲ್ಲಿ ಮೊಳಕೆ ಕಣ್ಣು ಬಿಡುತ್ತದೆ. ಮೊಳಕೆಗೆ ಪುರುಸೊತ್ತಿಲ್ಲದಿದ್ದರೆ ನೆನೆಸಿದ ಕಾಳೇ ಸಾಕು.

2) ಮೊದಲು ಕಾಳು ಬೇಯಿಸಿ. ಕಾಳು ಮೆತ್ತಗಾದ ಮೇಲೆ ಸೊಪ್ಪು ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಕಾಳು ಬೇಯುವಷ್ಟರಲ್ಲಿ ಸೊಪ್ಪು ಕರಗಿ ಹೋಗುತ್ತದೆ, ಅದರ ಸತ್ವವೂ ಹೋಗುತ್ತದೆ. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ಬಚ್ಚಲಿಗೆ.

3) ಬೆಂದ ಮೇಲೆ ನೀರನ್ನು ಇನ್ನೊಂದು ಪಾತ್ರೆಗೆ ಬಸಿದುಕೊಳ್ಳಿ. ಬಸಿದು ಮಾಡುವ ಸಾರು ಆದ್ದರಿಂದಲೇ ಇದಕ್ಕೆ ಬಸ್ಸಾರು ಅಂತ ಹೆಸರು.

4) ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಎಲ್ಲ ಹುರಿದು, ಕಾಯಿ, ಹುಣಸೆಹಣ್ಣು ಮತ್ತು ಬೆಂದ ಸೊಪ್ಪುಕಾಳು ಒಂದು ಹಿಡಿ ಸೇರಿಸಿ ರುಬ್ಬಿ. ಇದನ್ನು ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು ಆಯಿತು.

5) ಉಳಿದ ಸೊಪ್ಪುಕಾಳಿಗೆ ಕಬ್ಬಿಣದ ಬಾಂಡ್ಲಿಯಲ್ಲಿ ಸಾಸಿವೆ, ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ ಆಯಿತು. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಯಿತು. ಜೊತೆಗೆ ರಾಗಿಮುದ್ದೆ. ಮುದ್ದೆ ತೊಳಸುವುದನ್ನು ನಾನು ಯಾರಿಗೂ ಹೇಳಿಕೊಡಬೇಕಾಗಿಲ್ಲ!

ದುಡ್ಡಿನ ಲೆಕ್ಕ

ಹೋದ ವಾರ ನಮ್ಮ ಮನೆಯಲ್ಲಿ ಮಾಡಿದಾಗ ನಾನು ಲೆಕ್ಕ ಬರೆದಿಟ್ಟೆ. ಬೆಲೆ ಸಂತೆಯಿಂದ ಸಂತೆಗೆ ಬದಲಾಗುತ್ತದೆ, ಆದ್ದರಿಂದ ನಿಮ್ಮ ಮನೆಯ ಲೆಕ್ಕ ನೀವೇ ಹಾಕಿಕೊಳ್ಳಿ.

ರಾಗಿಹಿಟ್ಟು ಮುಕ್ಕಾಲು ಕೆಜಿ: 30 ರೂ.
ಹುರುಳಿಕಾಳು ಒಂದು ಪಾವು: 16 ರೂ.
ಸೊಪ್ಪು ಎರಡು ಕಟ್ಟು: 20 ರೂ.
ಈರುಳ್ಳಿ, ಕಾಯಿ, ಮಸಾಲೆ: 15 ರೂ.
ಎಣ್ಣೆ: 5 ರೂ.
ನಿಂಬೆಹಣ್ಣು: 5 ರೂ.
ಒಟ್ಟು: 91 ರೂ.

ಐದು ಜನಕ್ಕೆ ಹಂಚಿದರೆ ತಲೆಗೆ 18 ರೂಪಾಯಿ 20 ಪೈಸೆ. ಇದರಲ್ಲಿ ಸೌದೆ ಅಥವಾ ಗ್ಯಾಸಿನ ಖರ್ಚು ಸೇರಿಲ್ಲ. ಹೊಲದ ರಾಗಿ, ಹಿತ್ತಲ ಸೊಪ್ಪು ಇರುವ ಮನೆಯವರಿಗೆ ಇನ್ನೂ 50 ರೂಪಾಯಿ ಉಳಿಯುತ್ತದೆ. ಕಾಳು ನೆನೆಸಿದ್ದರೆ ಬೇಗ ಬೇಯುತ್ತದೆ, ಪಾತ್ರೆಗೆ ಮುಚ್ಚಳ ಮುಚ್ಚಿದರೆ ಉರಿಯೂ ಉಳಿಯುತ್ತದೆ.

ಈ ಊಟದಲ್ಲಿ ಏನೇನಿದೆ?

ರಾಗಿ: 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಒಬ್ಬರಿಗೆ 150 ಗ್ರಾಂ ಹಿಟ್ಟಿನ ಮುದ್ದೆ ಎಂದರೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ನಮ್ಮ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿಲಿಗ್ರಾಂ. ಅದರ ಅರ್ಧ ಒಂದೇ ಊಟದಲ್ಲಿ ಬಂತು. ರಾಗಿಯ ಸುಣ್ಣ ಹಾಲಿನದಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ, ನಿಜ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಆಗ ಇನ್ನೂ ಚೆನ್ನಾಗಿ ಹತ್ತುತ್ತದೆ.

ಹುರುಳಿ: 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ತೊಗರಿಬೇಳೆಯಲ್ಲಿ ಇರುವುದೂ ಅಷ್ಟೇ. ಆದರೆ ಹುರುಳಿ ಸಾಮಾನ್ಯವಾಗಿ ತೊಗರಿಬೇಳೆಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. "ಹುರುಳಿ ದನಕ್ಕೆ ಹಾಕೋದು" ಅಂತ ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೇ: ಉಳುವ ಎತ್ತಿಗೆ ಶಕ್ತಿ ಬರಲಿ ಅಂತ ತಾನೇ ಅದಕ್ಕೆ ಹುರುಳಿ ಬೇಯಿಸಿ ಇಡುವುದು?

ಎರಡೂ ಸೇರಿದಾಗ: ಇದು ವಿಜ್ಞಾನದ ಮುಖ್ಯವಾದ ವಿಷಯ. ಪ್ರೋಟೀನ್ ಎಂದರೆ ಹಲವು ಬಣ್ಣದ ಮಣಿ ಪೋಣಿಸಿದ ಸರ ಅಂತ ತಿಳಿಯಿರಿ. ಆ ಮಣಿಗಳಿಗೆ ಅಮೈನೋ ಆಮ್ಲ ಎಂದು ಹೆಸರು. ರಾಗಿ, ಅಕ್ಕಿಗಳಲ್ಲಿ ಲೈಸೀನ್ ಎಂಬ ಮಣಿ ಕಡಿಮೆ. ಕಾಳಿನಲ್ಲಿ ಅದು ಬೇಕಾದಷ್ಟಿದೆ, ಆದರೆ ಮೆಥಿಯೋನಿನ್ ಎಂಬ ಮಣಿ ಕಡಿಮೆ. ರಾಗಿಯಲ್ಲಿ ಅದು ಚೆನ್ನಾಗಿದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಸರ ಪೂರ್ತಿಯಾಗುತ್ತದೆ. ಬರೀ ಮುದ್ದೆ ನೀರುಸಾರು ತಿಂದರೆ ಹೊಟ್ಟೆ ತುಂಬುತ್ತದೆ, ಸರ ತುಂಬುವುದಿಲ್ಲ. 150 ಗ್ರಾಂ ರಾಗಿ ಮತ್ತು 40 ಗ್ರಾಂ ಕಾಳಿನಿಂದ ಸುಮಾರು 19 ಗ್ರಾಂ ಪ್ರೋಟೀನ್ ಸಿಗುತ್ತದೆ. ನಮ್ಮ ವಯಸ್ಸಿಗೆ ಇಡೀ ದಿನಕ್ಕೆ ಬೇಕಾದದ್ದು ಸುಮಾರು 43ರಿಂದ 45 ಗ್ರಾಂ.

ಯಾವ ನೀರು ಚೆಲ್ಲಬೇಕು, ಯಾವ ನೀರು ಚೆಲ್ಲಬಾರದು?

ಇದಕ್ಕೆ ನಾನು ಒಂದು ಸೂತ್ರ ಮಾಡಿದ್ದೇನೆ: ನೆನೆಸಿದ ನೀರು ಚೆಲ್ಲಿ, ಬೇಯಿಸಿದ ನೀರು ಚೆಲ್ಲಬೇಡಿ.

ಕಾಳಿನಲ್ಲಿ ಮತ್ತು ರಾಗಿಯಲ್ಲಿ ಫೈಟೇಟ್ ಎಂಬ ವಸ್ತು ಇದೆ. ಅದು ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ನೆನೆಸಿದಾಗ ಅದರಲ್ಲಿ ಸ್ವಲ್ಪ ಹೋಗುತ್ತದೆ, ಮೊಳಕೆ ಬಂದಾಗ ಇನ್ನಷ್ಟು ಕಡಿಮೆಯಾಗುತ್ತದೆ. ಹೊಟ್ಟೆ ಉಬ್ಬರವೂ ಕಡಿಮೆ. ಮೊಳಕೆಯಲ್ಲಿ ಸಿ ಜೀವಸತ್ವವೂ ಹೊಸದಾಗಿ ಹುಟ್ಟುತ್ತದೆ.

ಬೇಯಿಸಿದ ನೀರಿನ ವಿಷಯ ಬೇರೆ. ಬಿ ಗುಂಪಿನ ಜೀವಸತ್ವಗಳು ಮತ್ತು ಸಿ ಜೀವಸತ್ವ ನೀರಿನಲ್ಲಿ ಕರಗುತ್ತವೆ. ಸೊಪ್ಪು ಬೇಯಿಸಿ ನೀರು ಬಚ್ಚಲಿಗೆ ಸುರಿದರೆ ದುಡ್ಡು ಕೊಟ್ಟು ತಂದದ್ದನ್ನು ಬಚ್ಚಲಿಗೆ ಸುರಿದ ಹಾಗೆ. ನಮ್ಮ ಅಜ್ಜಿಯರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಆದರೂ ಬಸ್ಸಾರು, ಉಪ್ಸಾರು ಎರಡರಲ್ಲೂ ಆ ನೀರನ್ನೇ ಸಾರು ಮಾಡಿದರು. ಇನ್ನೊಂದು ವಿಷಯ: ಕಾಳು ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕಬೇಡಿ. ಅದು ಬಿ-1 ಜೀವಸತ್ವವನ್ನು ಹಾಳು ಮಾಡುತ್ತದೆ.

ನಿಂಬೆಹಣ್ಣು ಮಿತ್ರ, ಟೀ ಶತ್ರು

ರಾಗಿ, ಕಾಳು, ಸೊಪ್ಪು ಮೂರರಲ್ಲೂ ಕಬ್ಬಿಣಾಂಶ ಇದೆ. ಆದರೆ ಗಿಡದಿಂದ ಬರುವ ಕಬ್ಬಿಣಾಂಶ ಮೈಗೆ ಹತ್ತುವುದು ಸ್ವಲ್ಪವೇ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ಹತ್ತುತ್ತದೆ. ಅದಕ್ಕೇ ಪಲ್ಯಕ್ಕೆ ನಿಂಬೆರಸ. ಬಿಸಿಗೆ ಸಿ ಜೀವಸತ್ವ ಹಾಳಾಗುವುದರಿಂದ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ನಿಂಬೆಹಣ್ಣು ದುಬಾರಿಯಾದಾಗ ಊಟದ ಜೊತೆ ಒಂದು ಸೀಬೆಕಾಯಿ ಅಥವಾ ಒಂದು ಬೆಟ್ಟದ ನೆಲ್ಲಿಕಾಯಿ ತಿಂದರೂ ಆಯಿತು. ಪೇಟೆಯ ಕಿತ್ತಳೆಗಿಂತ ನಮ್ಮ ಹಿತ್ತಲ ಸೀಬೆಯಲ್ಲಿ ಸಿ ಜೀವಸತ್ವ ಹಲವು ಪಟ್ಟು ಹೆಚ್ಚು. ಕಬ್ಬಿಣದ ಬಾಂಡ್ಲಿಯಲ್ಲಿ ಅಡುಗೆ ಮಾಡಿದರೆ ಬಾಂಡ್ಲಿಯಿಂದಲೂ ಸ್ವಲ್ಪ ಕಬ್ಬಿಣಾಂಶ ಅಡುಗೆಗೆ ಬರುತ್ತದೆ.

ಟೀ, ಕಾಫಿ ಇದರ ವಿರುದ್ಧ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಊಟ ಆದ ತಕ್ಷಣ ಟೀ ಕುಡಿಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಇದೆ. ಟೀ ಬಿಡಿ ಅಂತ ಹೇಳಿದರೆ ಯಾರೂ ಕೇಳಲ್ಲ. ಊಟಕ್ಕೂ ಟೀಗೂ ಒಂದೆರಡು ಗಂಟೆ ಅಂತರ ಇಡಿ ಅಂತ ಹೇಳಬಹುದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಬಾಡು ತಿನ್ನುವ ಮನೆಯವರಿಗೆ ಒಂದು ಮಾತು: ಮಾಂಸ, ಮೀನಿನ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುತ್ತದೆ. ಕೋಳಿಯ ಈಲಿಯಲ್ಲಿ ಅದು ತುಂಬಾ ಇದೆ. ಈಲಿ ಇಷ್ಟವಿಲ್ಲ ಅಂತ ಬಿಸಾಡಬೇಡಿ.

ಸೊಪ್ಪು ಎಲ್ಲಿಂದ ತರುವುದು?

ದಂಟು, ಕೀರೆ, ಹೊನಗೊನೆ, ಅಣ್ಣೆ, ಗಣಿಕೆ, ಕಿರಕಸಾಲೆ, ನುಗ್ಗೆ, ಅಗಸೆ. ಇವುಗಳಲ್ಲಿ ಎಷ್ಟನ್ನು ನೀವು ನೋಡಿ ಗುರುತು ಹಿಡಿಯುತ್ತೀರಿ? ನಮ್ಮ ಅಜ್ಜಿ ಕಳೆ ಕೀಳಲು ಹೋದರೆ ಬರುವಾಗ ಮಡಿಲ ತುಂಬಾ ಬೆರಕೆ ಸೊಪ್ಪು ತರುತ್ತಿದ್ದರು. ಈಗ ಎಷ್ಟೋ ಹೊಲಗಳಲ್ಲಿ ಕಳೆನಾಶಕ ಹೊಡೆಯುವುದರಿಂದ ಕಳೆಯ ಜೊತೆಗೆ ಸೊಪ್ಪೂ ಸಾಯುತ್ತಿದೆ. ಔಷಧಿ ಹೊಡೆದ ಹೊಲದಲ್ಲಿ, ರಸ್ತೆ ಪಕ್ಕದ ಚರಂಡಿಯಲ್ಲಿ ಬೆಳೆದ ಸೊಪ್ಪು ಕೀಳಬೇಡಿ. ಗುರುತಿಲ್ಲದ ಸೊಪ್ಪನ್ನು ಹಿರಿಯರಿಗೆ ತೋರಿಸದೆ ಬೇಯಿಸಬೇಡಿ.

ಎಲ್ಲಕ್ಕಿಂತ ಸುಲಭದ್ದು ನುಗ್ಗೆ. ಒಂದು ಕೊಂಬೆ ಕಡಿದು ನೆಟ್ಟರೆ ಸಾಕು, ಚಿಗುರುತ್ತದೆ. ಪಾತ್ರೆ ತೊಳೆದ ನೀರು ಹರಿಯುವ ಕಡೆ ನೆಡಿ. ನೀರೂ ದಂಡವಾಗಲ್ಲ, ಸೊಪ್ಪೂ ಸಿಗುತ್ತದೆ.

ಪೊಟ್ಟಣದ ಲೆಕ್ಕ

ಸಾಯಂಕಾಲ ಶಾಲೆ ಬಿಟ್ಟ ಮೇಲೆ ಅಂಗಡಿ ಮುಂದೆ ನಿಲ್ಲುವವರು ಈ ಗಣಿತ ಮಾಡಿ. ಹತ್ತು ರೂಪಾಯಿ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ತೂಕ ಇರುತ್ತದೆ. 25 ಗ್ರಾಂ ಅಂತ ಇದ್ದರೆ ಒಂದು ಕೆಜಿಗೆ 40 ಪೊಟ್ಟಣ, ಅಂದರೆ 400 ರೂಪಾಯಿ! ಅದರಲ್ಲಿ ಇರುವುದು ಹೆಚ್ಚಾಗಿ ಎಣ್ಣೆ, ಉಪ್ಪು, ಹಿಟ್ಟು. ಹುರಿಗಡಲೆ ಕೆಜಿಗೆ 120 ರೂಪಾಯಿ ಆದರೂ ಹತ್ತು ರೂಪಾಯಿಗೆ 80 ಗ್ರಾಂಗಿಂತ ಹೆಚ್ಚು ಬರುತ್ತದೆ. ಅದಕ್ಕೆ ಒಂದು ಚೂರು ಬೆಲ್ಲ ಸೇರಿಸಿಕೊಂಡರೆ ಇಬ್ಬರಿಗಾಗುವ ತಿಂಡಿ. ಡಬ್ಬಿಯ ಪುಡಿ ತಂದು ಹಾಲಿಗೆ ಹಾಕಿ ಕೊಡುವ ಮನೆಯವರು ಮನೆಯಲ್ಲೇ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೆಚ್ಚಗೆ ಹುರಿದು, ಮಿಲ್ಲಿಗೆ ಹಾಕಿಸಿ ಮಾಲ್ಟ್ ಮಾಡಿಕೊಳ್ಳಬಹುದು.

ನಿಮಗೆ ಗೊತ್ತೇ?

★ ಕನಕದಾಸರ "ರಾಮಧಾನ್ಯ ಚರಿತೆ"ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಎಂದು ಜಗಳ ಬರುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಭತ್ತ ಕೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ.
★ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಡಾ. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ "ಇಂಡಾಫ್" ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡು ಹೆಸರೂ ಸೇರಿ ಇಂಡಾಫ್.
★ 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿತು.

ಪಾಲು ಸರಿಯಾಗಿದೆಯೇ?

ಇಷ್ಟೆಲ್ಲ ಮಾಡಿದರೂ ಒಂದು ವಿಷಯ ಬಿಟ್ಟರೆ ಎಲ್ಲ ವ್ಯರ್ಥ. ನಮ್ಮ ಮನೆಗಳಲ್ಲಿ ಮೊದಲು ಗಂಡಸರು ಉಣ್ಣುತ್ತಾರೆ, ಆಮೇಲೆ ಚಿಕ್ಕ ಮಕ್ಕಳು, ಕೊನೆಗೆ ಅವ್ವ ಮತ್ತು ದೊಡ್ಡ ಹುಡುಗಿಯರು. ಸಾರು ಸಾಲದಿದ್ದರೆ ನೀರು ಬೆರೆಸಿ ಹೆಚ್ಚಿಸಬಹುದು, ಪಲ್ಯ ಹೆಚ್ಚಿಸಲು ಆಗಲ್ಲ. ಅವ್ವ ಕೂರುವ ಹೊತ್ತಿಗೆ ಬಾಂಡ್ಲಿಯಲ್ಲಿ ಒಗ್ಗರಣೆಯ ಸಾಸಿವೆ ಮಾತ್ರ ಅಂಟಿಕೊಂಡಿರುತ್ತದೆ. "ನಂಗೆ ಸಾರೇ ಸಾಕು ಕಣವ್ವ" ಅಂತ ಅವರು ಮುದ್ದೆ ಮುರಿಯುತ್ತಾರೆ. ಕಾಳು, ಸೊಪ್ಪು, ನಿಂಬೆರಸ ಎಲ್ಲ ಇದ್ದದ್ದು ಆ ಪಲ್ಯದಲ್ಲಿ. ಕಬ್ಬಿಣಾಂಶ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದಿಲ್ಲ. ನೂರಕ್ಕೆ 48 ಎಂಬ ಲೆಕ್ಕದ ಹಿಂದೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ನಾವು ಮಕ್ಕಳೇ ಮಾಡಬಹುದಾದ ಉಪಾಯ: ಪಲ್ಯ ಒಲೆಯಿಂದ ಇಳಿದ ಕೂಡಲೇ, ಯಾರೂ ಊಟಕ್ಕೆ ಕೂರುವ ಮೊದಲೇ, ಮನೆಯಲ್ಲಿ ಎಷ್ಟು ಜನವೋ ಅಷ್ಟು ಬಟ್ಟಲಿಗೆ ಸಮನಾಗಿ ಹಂಚಿ ಇಡುವುದು. ಅವ್ವನ ಬಟ್ಟಲಿಗೆ ತಟ್ಟೆ ಮುಚ್ಚಿಡುವುದು. ಹುಡುಗರೇ, ಇದು ನಿಮಗೂ ಸೇರಿ ಹೇಳಿದ್ದು. ಬಟ್ಟಲು ಜೋಡಿಸಲು ಹುಡುಗಿಯೇ ಆಗಬೇಕಾಗಿಲ್ಲ.

ವಾರದ ರಾತ್ರಿ ಊಟ

ಸೋಮವಾರ: ಮುದ್ದೆ, ಹುರುಳಿಕಾಳು ಬಸ್ಸಾರು, ಪಲ್ಯ
ಮಂಗಳವಾರ: ಅನ್ನ, ಮಸ್ಸೊಪ್ಪು
ಬುಧವಾರ: ಮುದ್ದೆ, ಅಲಸಂದೆ ಕಾಳಿನ ಉಪ್ಸಾರು, ಖಾರ
ಗುರುವಾರ: ನುಗ್ಗೆಸೊಪ್ಪು ಹಾಕಿದ ರಾಗಿರೊಟ್ಟಿ, ಕಡ್ಲೆಬೀಜದ ಚಟ್ನಿ
ಶುಕ್ರವಾರ: ಮುದ್ದೆ, ಮೊಳಕೆ ಹೆಸರುಕಾಳು ಸಾರು
ಶನಿವಾರ: ಅನ್ನ, ಅವರೆಕಾಳು ಸಾರು, ಮಜ್ಜಿಗೆ
ಭಾನುವಾರ: ಮುದ್ದೆ, ಮೊಟ್ಟೆ ಸಾರು ಅಥವಾ ಸೊಪ್ಪಿನ ಸಾರು

ಏಳು ದಿನದಲ್ಲೂ ಧಾನ್ಯದ ಜೊತೆ ಕಾಳೋ ಬೇಳೆಯೋ ಬೀಜವೋ ಮೊಟ್ಟೆಯೋ ಸೊಪ್ಪೋ ಇರುವುದನ್ನು ಗಮನಿಸಿ. ಭಾನುವಾರ ಸೊಪ್ಪಿನ ಸಾರು ಮಾಡುವವರು ಅದಕ್ಕೂ ಒಂದು ಹಿಡಿ ಕಾಳು ಹಾಕಿಕೊಳ್ಳಿ. ಮಧ್ಯಾಹ್ನ ಶಾಲೆಯ ಬಿಸಿಯೂಟದಲ್ಲಿ ಸಾಂಬಾರಿನ ತರಕಾರಿಯನ್ನು ತಟ್ಟೆಯ ಅಂಚಿಗೆ ತಳ್ಳಬೇಡಿ. ಮೊಟ್ಟೆ ತಿನ್ನುವವರು ಮೊಟ್ಟೆ ಕೊಡುವ ದಿನ ತಪ್ಪಿಸಬೇಡಿ.

ಕೊನೆಯದಾಗಿ, ಚೀಟಿ ಬಂದವರು ಊಟ ಒಂದನ್ನೇ ನಂಬಿ ಕೂರಬೇಡಿ. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯದೆ ಊಟ ಆದ ಮೇಲೆ ನುಂಗಿ. ಜಂತುಹುಳುವಿನ ಮಾತ್ರೆಯನ್ನೂ ತಗೊಳ್ಳಿ, ಯಾಕೆಂದರೆ ಕೊಕ್ಕೆಹುಳು ಹೊಟ್ಟೆಯೊಳಗೆ ಕೂತು ರಕ್ತ ಹೀರುತ್ತದೆ. ಬಯಲಿಗೆ ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳಿ. ತಲೆಸುತ್ತು ಹೆಚ್ಚಾದರೆ ಆಸ್ಪತ್ರೆಗೆ ಹೋಗಿ ತೋರಿಸಿ.

ನಿಮ್ಮ ಮನೆಯಲ್ಲಿ ಕಡಿಮೆ ಖರ್ಚಿನಲ್ಲಿ ಮಾಡುವ ಸೊಪ್ಪು, ಕಾಳಿನ ಅಡುಗೆ ಯಾವುದಾದರೂ ಇದ್ದರೆ, ಎಷ್ಟು ಜನಕ್ಕೆ ಎಷ್ಟು ಖರ್ಚು ಎಂಬ ಲೆಕ್ಕದ ಸಮೇತ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಸೇರಿಸಿ ಅಂಟಿಸೋಣ.


9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ